ಹೊಸದನ್ನು ಕೊಳ್ಳುವ ಮುನ್ನ: ಪಂಚಾಯಿತಿ ಕಚೇರಿಯ ನೆಟ್‌ವರ್ಕ್ ಕೆಟ್ಟಾಗ ದೋಷ ಪತ್ತೆ ಮಾಡುವ ಕ್ರಮ

(ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ. ಶಿಬಿರಕ್ಕೆ ಬರಲಾಗದ ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಮುದ್ರಿಸಲಾಗಿದೆ.)



ನಮ್ಮ ಪಂಚಾಯಿತಿ ಕಚೇರಿಗಳಲ್ಲಿ ಪದೇ ಪದೇ ಕೇಳಿಬರುವ ಮಾತೊಂದಿದೆ: "ಸರ್ವರ್ ಇಲ್ಲ, ನಾಳೆ ಬನ್ನಿ." ತೊಗರಿ ರಾಶಿಯ ಕೆಲಸ ಬಿಟ್ಟು ಇ-ಸ್ವತ್ತು ನಮೂನೆಗಾಗಿ ಬಂದ ರೈತರು, ಒಂದು ದಿನದ ಕೂಲಿ ಕಳೆದುಕೊಂಡು ಅರ್ಜಿ ಹಿಡಿದು ನಿಂತ ತಾಯಂದಿರು ಈ ಮಾತನ್ನು ಕೇಳಿ ಹಿಂದಿರುಗುತ್ತಾರೆ. ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಬೆಂಗಳೂರಿನ ಸರ್ವರ್ ನಿಜವಾಗಿಯೂ ನಿಲ್ಲುವ ದಿನಗಳುಂಟು. ಆದರೆ ಅದೇ ಮಾತಿನ ಹಿಂದೆ ಮೇಜಿನ ಕೆಳಗೆ ಕುರ್ಚಿಯ ಕಾಲಿಗೆ ಸಿಕ್ಕಿ ತುಂಡಾದ ಕೇಬಲ್ ಇರಬಹುದು. ಸುಟ್ಟುಹೋದ ಅಡಾಪ್ಟರ್ ಇರಬಹುದು. ರಸ್ತೆಯ ಬದಿಯಲ್ಲಿ ಅಗೆತಕ್ಕೆ ಸಿಕ್ಕ ಫೈಬರ್ ಇರಬಹುದು. ಎಲ್ಲಕ್ಕೂ "ಸರ್ವರ್ ಇಲ್ಲ" ಎಂಬ ಒಂದೇ ಹೆಸರಿಟ್ಟರೆ, ಎಲ್ಲ ಜ್ವರಕ್ಕೂ ಒಂದೇ ಗುಳಿಗೆ ಕೊಟ್ಟಂತೆ.

ದೋಷ ಯಾವ ಭಾಗದಲ್ಲಿದೆ ಎಂದು ತೋರಿಸಿಕೊಡುವವರೆಗೆ ಯಾವ ಹೊಸ ಉಪಕರಣಕ್ಕೂ ಠರಾವು ಮಾಡಬೇಡಿ, ಯಾವ ಸಿಬ್ಬಂದಿಯನ್ನೂ ದೂರಬೇಡಿ. ಈ ಒಂದು ಮಾತನ್ನು ತಾವು ಒಪ್ಪುವಂತೆ ಮಾಡುವುದೇ ನನ್ನ ಇಂದಿನ ಉದ್ದೇಶ. ಅದಕ್ಕೆ ಬೇಕಾದ ಜ್ಞಾನ ತಮಗೆ ಈಗಾಗಲೇ ಇದೆ.

ನಮಗೆ ತಿಳಿದಿರುವ ವಿದ್ಯೆಯೇ

ಊರಿನ ಕೊಳವೆಬಾವಿಯಿಂದ ನೀರು ಬರದಿದ್ದಾಗ ನಮ್ಮ ನೀರಗಂಟಿ ಏನು ಮಾಡುತ್ತಾನೆ? ಮೊದಲು ಮೂರೂ ಫೇಸ್ ಬಂದಿವೆಯೇ ಎಂದು ನೋಡುತ್ತಾನೆ. ಬಳಿಕ ಫ್ಯೂಸ್, ಸ್ಟಾರ್ಟರ್, ಕೇಬಲಿನ ಜಾಯಿಂಟ್. ಇವೆಲ್ಲ ಸರಿಯಿದ್ದರೆ ಮಾತ್ರ ಮೋಟಾರ್ ಮೇಲೆತ್ತುವ ಮಾತು. ಹೊಸ ಬಾವಿ ಕೊರೆಸುವ ಮಾತು ಎಲ್ಲಕ್ಕಿಂತ ಕೊನೆಗೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಹೆಚ್ಚು ಖರ್ಚಿನದು ಕೊನೆಗೆ.

ಬೀದರ ನಗರದ ನೌಬಾದ್ ಬಳಿ ಬಹಮನಿ ಅರಸರ ಕಾಲದ ಕರೇಜ್, ಅಂದರೆ ನೆಲದಡಿಯ ಸುರಂಗ ಕಾಲುವೆ, ಇದೆ. ತಮ್ಮಲ್ಲಿ ಅನೇಕರು ಅದನ್ನು ನೋಡಿರಬಹುದು. ಸುರಂಗದುದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಇಳಿಯುವ ಬಾವಿಗಳನ್ನು ಬಿಟ್ಟಿದ್ದಾರೆ. ಗಾಳಿ ಬೆಳಕಿಗೂ ಅವೇ ದಾರಿ, ಹೂಳು ಎತ್ತುವುದಕ್ಕೂ ಅವೇ ದಾರಿ. ಒಂದು ಬಾವಿಯಲ್ಲಿ ನೀರು ಹರಿಯುತ್ತಿದ್ದು ಅದರ ಮುಂದಿನದರಲ್ಲಿ ಹರಿಯದಿದ್ದರೆ ಅಡ್ಡಿ ಇರುವುದು ಆ ಎರಡರ ನಡುವೆ. ಇಡೀ ಸುರಂಗವನ್ನು ಅಗೆಯಬೇಕಾಗಿಲ್ಲ.

ಕಚೇರಿಯ ನೆಟ್‌ವರ್ಕ್ ಕೂಡ ಹಾಗೆಯೇ ಒಂದು ಕಾಲುವೆ. ಪ್ರತಿಯೊಂದು ಜೋಡಣೆಯೂ ಇಣುಕಿ ನೋಡುವ ಬಾವಿ. ಎಲ್ಲಿಯವರೆಗೆ ಹರಿಯುತ್ತಿದೆ, ಎಲ್ಲಿಂದಾಚೆಗೆ ನಿಂತಿದೆ ಎಂಬುದನ್ನು ಕಂಡುಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು.

ಸರಪಳಿಯ ಕೊಂಡಿಗಳು

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ನೀಡಿತು. ಮುಂದೆ ಅದಕ್ಕೆ ಭಾರತ್ ನೆಟ್ ಎಂಬ ಹೆಸರು ಬಂದಿತು. ಈ ಯೋಜನೆಯಲ್ಲಿ ಕೂದಲೆಳೆಯಂಥ ಗಾಜಿನ ತಂತಿಯ ಮೂಲಕ ಬೆಳಕು ಗ್ರಾಮ ಪಂಚಾಯಿತಿಯ ಕಚೇರಿಗೆ ಬರುತ್ತದೆ. ಗೋಡೆಯ ಮೇಲಿರುವ ಒಎನ್‌ಟಿ ಎಂಬ ಪೆಟ್ಟಿಗೆ ಆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಅಲ್ಲಿಂದ ರೌಟರ್, ರೌಟರ್‌ನಿಂದ ಸ್ವಿಚ್, ಸ್ವಿಚ್‌ನಿಂದ ಒಂದೊಂದು ಕೇಬಲ್ ಒಂದೊಂದು ಗಣಕಯಂತ್ರಕ್ಕೂ ಪ್ರಿಂಟರ್‌ಗೂ ಹೋಗುತ್ತದೆ. ಕೆಲವು ಕಚೇರಿಗಳಲ್ಲಿ ಒಎನ್‌ಟಿ ಮತ್ತು ರೌಟರ್ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಇವುಗಳಿಗೆಲ್ಲ ವಿದ್ಯುತ್ ಕೊಡುವುದಕ್ಕೆ ಯುಪಿಎಸ್, ಅದರ ಬ್ಯಾಟರಿ, ಒಂದೊಂದು ಪೆಟ್ಟಿಗೆಗೂ ಒಂದೊಂದು ಅಡಾಪ್ಟರ್.

ತಮ್ಮ ಕಚೇರಿಯ ಈ ಸರಪಳಿಯನ್ನು ಒಂದು ಹಾಳೆಯಲ್ಲಿ ಬರೆಸಿ ಗೋಡೆಗೆ ಅಂಟಿಸಿ. ಪ್ರತಿ ಕೇಬಲಿನ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಹಚ್ಚಿಸಿ. ಖರ್ಚು ಹತ್ತು ರೂಪಾಯಿಯೂ ಆಗದು. ತಂತ್ರಜ್ಞ ಬಂದಾಗ ಉಳಿಯುವ ಹೊತ್ತು ದೊಡ್ಡದು.

ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳು

ಮೊದಲನೆಯ ಪ್ರಶ್ನೆ: ಕೆಟ್ಟಿರುವುದು ಎಷ್ಟು ಯಂತ್ರಗಳಿಗೆ? ಒಂದೇ ಗಣಕಯಂತ್ರಕ್ಕೆ ನೆಟ್ ಇಲ್ಲದೆ ಉಳಿದವು ನಡೆಯುತ್ತಿದ್ದರೆ ದೋಷ ಆ ಯಂತ್ರ, ಅದರ ಕೇಬಲ್ ಅಥವಾ ಆ ಕೇಬಲ್ ಸೇರುವ ಪೋರ್ಟ್‌ನಲ್ಲಿದೆ. ಎಲ್ಲವೂ ನಿಂತಿದ್ದರೆ ದೋಷ ಎಲ್ಲಕ್ಕೂ ಸಾಮಾನ್ಯವಾದ ಕಡೆ, ಅಂದರೆ ಸ್ವಿಚ್, ರೌಟರ್, ಒಎನ್‌ಟಿ ಅಥವಾ ಅದರಾಚೆ ಇದೆ. ನೆರೆಯ ಪಂಚಾಯಿತಿಗೂ ಒಂದು ಕರೆ ಮಾಡಿ. ಅಲ್ಲಿಯೂ ಅದೇ ಹೊತ್ತಿಗೆ ನಿಂತಿದ್ದರೆ ತಮ್ಮ ಕಚೇರಿಯ ಉಪಕರಣಗಳನ್ನು ಬಿಚ್ಚುವ ಅಗತ್ಯ ಬಹುಶಃ ಇಲ್ಲ. ಒಂದೇ ಫೈಬರ್ ದಾರಿಯಿಂದ ಕವಲೊಡೆದು ಹಲವು ಪಂಚಾಯಿತಿಗಳಿಗೆ ಸಂಪರ್ಕ ಹೋಗಿರುವ ಕಡೆಗಳುಂಟು.

ಎರಡನೆಯ ಪ್ರಶ್ನೆ: ಕೆಡುವ ಮುನ್ನ ಏನು ಬದಲಾಯಿತು? ಸುಣ್ಣ ಬಣ್ಣ ಬಳಿದರೇ? ಮೇಜು ಸರಿಸಿದರೇ? ಹೊಸ ಪ್ರಿಂಟರ್ ಜೋಡಿಸಿದರೇ? ಹಿಂದಿನ ರಾತ್ರಿ ಸಿಡಿಲು ಬಡಿಯಿತೇ? ನಿನ್ನೆ ನಡೆಯುತ್ತಿದ್ದದ್ದು ಇಂದು ನಿಂತಿದೆ ಎಂದರೆ ನಡುವೆ ಏನೋ ಆಗಿದೆ.

ಮೂರನೆಯ ಪ್ರಶ್ನೆ: ಸಂಕೇತ ಎಲ್ಲಿಯವರೆಗೆ ತಲುಪುತ್ತಿದೆ? ಇದಕ್ಕೆ ಪ್ರತಿಯೊಂದು ಗಣಕಯಂತ್ರದಲ್ಲಿಯೂ 'ಪಿಂಗ್' ಎಂಬ ಆಜ್ಞೆ ಇದೆ. ಒಂದು ವಿಳಾಸಕ್ಕೆ ಕೂಗು ಹಾಕಿ ಓಗೊಡುವರೋ ಇಲ್ಲವೋ ಎಂದು ನೋಡುವ ಕ್ರಮ ಇದು. ಮೊದಲು ರೌಟರ್‌ನ ವಿಳಾಸಕ್ಕೆ ಕೂಗಬೇಕು. ಅದು ಸಾಮಾನ್ಯವಾಗಿ 192.168.1.1 ಎಂಬಂತಿರುತ್ತದೆ. ಉತ್ತರ ಬಾರದಿದ್ದರೆ ದೋಷ ಬಹುಮಟ್ಟಿಗೆ ಕಚೇರಿಯೊಳಗೇ ಇದೆ. ಉತ್ತರ ಬಂದರೆ ಹೊರಗಿನ ಒಂದು ವಿಳಾಸಕ್ಕೆ, ಉದಾಹರಣೆಗೆ 8.8.8.8ಕ್ಕೆ, ಕೂಗಬೇಕು. ರೌಟರ್ ಓಗೊಟ್ಟು ಹೊರಗಿನದು ಓಗೊಡದಿದ್ದರೆ ದೋಷ ರೌಟರ್‌ನಿಂದಾಚೆಗೆ. ಎರಡೂ ಓಗೊಟ್ಟು, ಬೇರೆ ಜಾಲತಾಣಗಳೆಲ್ಲ ತೆರೆದು, ಪಂಚತಂತ್ರ ಒಂದೇ ತೆರೆಯದಿದ್ದರೆ ಆಗ ಮಾತ್ರ "ಸರ್ವರ್ ಇಲ್ಲ" ಎಂಬ ಮಾತಿಗೆ ಆಧಾರ ಸಿಕ್ಕಂತೆ.

ಇನ್ನೊಂದು ಗುರುತು: ಗಣಕಯಂತ್ರದ ಐಪಿ ವಿಳಾಸ 169.254 ಎಂದು ಆರಂಭವಾಗಿದ್ದರೆ ಆ ಯಂತ್ರಕ್ಕೆ ವಿಳಾಸ ಕೊಡುವವರು ಯಾರೂ ಸಿಗಲಿಲ್ಲ ಎಂದರ್ಥ. ಯಂತ್ರದಿಂದ ರೌಟರ್‌ವರೆಗಿನ ದಾರಿ ತುಂಡಾಗಿದೆ ಅಥವಾ ರೌಟರ್ ವಿಳಾಸ ಹಂಚುವುದನ್ನು ನಿಲ್ಲಿಸಿದೆ.

ವಿದ್ಯುತ್ತಿನ ದೋಷಗಳು

ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಪೆಟ್ಟಿಗೆಗೆ ಸಾಕಷ್ಟು ವಿದ್ಯುತ್ ಬರುತ್ತಿದೆ ಎಂದು ತಿಳಿಯಬಾರದು. ಹಳೆಯ ಅಡಾಪ್ಟರ್ ದುರ್ಬಲವಾದಾಗ ದೀಪ ಹತ್ತಿಸುವಷ್ಟು ಶಕ್ತಿ ಕೊಡುತ್ತದೆ. ಕೆಲಸದ ಹೊರೆ ಬಿದ್ದಾಗ ಕುಸಿಯುತ್ತದೆ. ಆಗ ರೌಟರ್ ತಾನಾಗಿಯೇ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಐದು ನಿಮಿಷ ನೆಟ್ ಬಂದು ಐದು ನಿಮಿಷ ಹೋಗುವ ಕಾಯಿಲೆಗೆ ಇದೊಂದು ಸಾಮಾನ್ಯ ಕಾರಣ. ಬಹಳ ಸಲ ಹಾಳಾಗಿರುವುದು ಅಡಾಪ್ಟರ್, ಬದಲಾಗುವುದು ರೌಟರ್.

ಅಡಾಪ್ಟರ್ ಬದಲಿಸುವಾಗ ಪಿನ್ ಹೊಂದಿಕೊಂಡರೆ ಸಾಲದು. ಹಳೆಯದರ ಮೇಲೆ ಬರೆದಿರುವ ವೋಲ್ಟ್ ಸಂಖ್ಯೆಯೇ ಹೊಸದರಲ್ಲಿಯೂ ಇರಬೇಕು. ಆಂಪಿಯರ್ ಸಂಖ್ಯೆ ಸಮನಾಗಿರಬೇಕು ಅಥವಾ ಹೆಚ್ಚಿರಬೇಕು; ಕಡಿಮೆ ಇರಕೂಡದು. ಪಿನ್ನಿನ ಧನ ಋಣ ಗುರುತೂ ಒಂದೇ ಆಗಿರಬೇಕು. 12 ವೋಲ್ಟಿನ ಪೆಟ್ಟಿಗೆಗೆ ಮನೆಯ ಸೆಟ್‌ಟಾಪ್ ಬಾಕ್ಸಿನ ಬೇರೆ ವೋಲ್ಟಿನ ಅಡಾಪ್ಟರ್ ಚುಚ್ಚಿ ನೋಡುವುದು ಪರೀಕ್ಷೆಯಲ್ಲ, ಪೆಟ್ಟಿಗೆಯನ್ನು ಕೊಲ್ಲುವ ದಾರಿ.

ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಜೋಡಿಸಬೇಡಿ. ಅದರೊಳಗಿನ ಕಾಯಿಸುವ ಭಾಗ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆದು ಯುಪಿಎಸ್ ಕೈಬಿಡುವಂತೆ ಮಾಡುತ್ತದೆ. ಬ್ಯಾಟರಿ ಉಬ್ಬಿದ್ದರೆ ಅದನ್ನು ಮತ್ತೆ ಬಳಸಕೂಡದು.

ನಮ್ಮ ಭಾಗಕ್ಕೆ ವಿಶೇಷವಾದ ಮಾತೆಂದರೆ ಅರ್ಥಿಂಗ್. ಮಣ್ಣು ಒಣಗಿದಷ್ಟೂ ಅರ್ಥಿಂಗ್ ದುರ್ಬಲವಾಗುತ್ತದೆ. ಕಪ್ಪು ಮಣ್ಣಿನ ಊರುಗಳಲ್ಲಿ ಬೇಸಿಗೆಗೆ ನೆಲ ಬಿರಿದು ಗುಂಡಿಯ ಸುತ್ತ ಮಣ್ಣೇ ಬಿಟ್ಟುಕೊಳ್ಳುತ್ತದೆ. ಮುಂಗಾರಿಗೆ ಮುಂಚಿನ ಸಿಡಿಲು ಮಳೆ ಬರುವುದೂ ಅದೇ ಏಪ್ರಿಲ್, ಮೇ ತಿಂಗಳುಗಳಲ್ಲಿ. ಅಂದರೆ ರಕ್ಷಣೆ ಹೆಚ್ಚು ಬೇಕಾದ ಹೊತ್ತಿಗೇ ಅದು ಅತಿ ದುರ್ಬಲವಾಗಿರುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿಸುವುದು ಸಣ್ಣ ಕೆಲಸ. ಅದನ್ನು ಯಾರಿಗಾದರೂ ಹೆಸರು ಹೇಳಿ ವಹಿಸಿ. ಸಂಜೆ ಕಚೇರಿ ಮುಚ್ಚುವಾಗ ಗುಡುಗಿನ ಮೋಡ ಕಂಡರೆ ಪ್ಲಗ್ಗುಗಳನ್ನು ಸಾಕೆಟ್‌ನಿಂದ ಕಿತ್ತಿಡಲಿ. ಗುಂಡಿ ಒತ್ತಿ ಆರಿಸಿದರೆ ಸಾಲದು.

ಕಚೇರಿಯಿಂದ ಪಕ್ಕದ ಕಟ್ಟಡದ ಅರಿವು ಕೇಂದ್ರಕ್ಕೆ ಕಂಬದ ಮೇಲಿಂದ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆದಿರುವ ಕಡೆಗಳುಂಟು. ಹತ್ತಿರ ಸಿಡಿಲು ಬಿದ್ದರೆ ಆ ಕೇಬಲ್ ಎರಡೂ ಕಟ್ಟಡಗಳ ಉಪಕರಣಗಳಿಗೆ ಆಘಾತವನ್ನು ಸಾಗಿಸುತ್ತದೆ. ಎರಡು ಕಟ್ಟಡಗಳ ನಡುವೆ ಫೈಬರ್ ಅಥವಾ ನಿಸ್ತಂತು ಸಂಪರ್ಕವೇ ಯೋಗ್ಯ.

ಕೇಬಲಿನ ದೋಷಗಳು

ನೆಟ್‌ವರ್ಕ್ ಕೇಬಲಿನೊಳಗೆ ಎರಡೆರಡಾಗಿ ಹೊಸೆದ ಎಂಟು ಎಳೆಗಳಿವೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕ ನಾಲ್ಕು ಎಳೆಗಳಿಂದ ನಡೆಯುತ್ತದೆ; 1,000 ಮೆಗಾಬಿಟ್ಟಿಗೆ ಎಂಟೂ ಬೇಕು. ಆದ್ದರಿಂದ ಒಂದು ಎಳೆ ತುಂಡಾದಾಗ ಕೆಲವೊಮ್ಮೆ ಸಂಪರ್ಕ ಪೂರ್ತಿ ನಿಲ್ಲದೆ ನಿಧಾನವಾಗುತ್ತದೆ. ಆಪರೇಟರ್ "ನೆಟ್ ಸ್ಲೋ" ಎನ್ನುತ್ತಾರೆ, ನಾವು ಸೇವಾ ಸಂಸ್ಥೆಯನ್ನು ಬಯ್ಯುತ್ತೇವೆ. ದೋಷ ಬಾಗಿಲ ಸಂದಿಯಲ್ಲಿ ನಜ್ಜಾದ ಕೇಬಲಿನಲ್ಲಿರುತ್ತದೆ.

ಕೇಬಲ್ ಕೆಟ್ಟಿದೆಯೇ ಎಂದು ತಿಳಿಯಲು ಸುಲಭದ ದಾರಿ ಅದಲು ಬದಲು. ಚೆನ್ನಾಗಿ ನಡೆಯುತ್ತಿರುವ ಯಂತ್ರದ ಕೇಬಲನ್ನು ಕೆಟ್ಟ ಯಂತ್ರಕ್ಕೆ ಹಾಕಿ ನೋಡಬೇಕು. ನಡೆದರೆ ದೋಷ ಹಳೆಯ ಕೇಬಲ್ ದಾರಿಯಲ್ಲಿದೆ. ನಡೆಯದಿದ್ದರೆ ಯಂತ್ರದಲ್ಲಿದೆ. ಇಲ್ಲಿ ಎರಡು ನಿಯಮಗಳನ್ನು ಮೀರಬಾರದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಕೆಟ್ಟಿದೆಯೆಂದು ಸಾಬೀತಾದ ಕೇಬಲಿನ ತುದಿಯನ್ನು ಅಲ್ಲಿಯೇ ಕತ್ತರಿಸಬೇಕು. ಇಲ್ಲವಾದರೆ ಅದು ಡ್ರಾವರ್ ಸೇರಿ, ಮೂರು ತಿಂಗಳ ಬಳಿಕ ಒಳ್ಳೆಯ ಕೇಬಲಿನ ವೇಷದಲ್ಲಿ ಹಿಂದಿರುಗುತ್ತದೆ.

ಕೊಳ್ಳುವಾಗಲೂ ಎಚ್ಚರ ಬೇಕು. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಪೇಟೆಯಲ್ಲಿದೆ. ಎಳೆಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ. ಅದು ಬೇಗ ತುಂಡಾಗುತ್ತದೆ. ದರಪಟ್ಟಿ ಕೇಳುವಾಗ "ಶುದ್ಧ ತಾಮ್ರದ ಕೇಬಲ್" ಎಂದು ಬರೆಯಿಸಿ. ಒಂದೇ ಎಳೆತ 100 ಮೀಟರ್ ಮೀರಕೂಡದು ಎಂಬುದೂ ನೆನಪಿರಲಿ.

ಸ್ವಿಚ್ ಮತ್ತು ಒಂದು ಪಂಚಾಯಿತಿಯ ಪ್ರಸಂಗ

ಈ ಭಾಗದ ಒಂದು ಪಂಚಾಯಿತಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ಸ್ವಾತಂತ್ರ್ಯ ದಿನಾಚರಣೆಗೆ ಮುನ್ನ ಕಚೇರಿಗೆ ಬಣ್ಣ ಬಳಿಸಿದರು. ಎಲ್ಲ ಕೇಬಲ್‌ಗಳನ್ನು ಬಿಚ್ಚಿ ಮತ್ತೆ ಚುಚ್ಚಿದರು. ಮರುದಿನದಿಂದ ಇಡೀ ಕಚೇರಿಯ ನೆಟ್ ನಿಂತಿತು. ಸ್ವಿಚ್‌ನ ದೀಪಗಳೆಲ್ಲ ಒಂದೇ ಸಮನೆ ಮಿಣುಗುತ್ತಿದ್ದವು. ನೋಡಿದವರು "ಸ್ವಿಚ್ ಹೋಗಿದೆ" ಎಂದರು. ಹೊಸ ಸ್ವಿಚ್ ತಂದರು. ಹಳೆಯ ಕೇಬಲ್‌ಗಳನ್ನು ಇದ್ದಂತೆಯೇ ಅದಕ್ಕೂ ಚುಚ್ಚಿದರು. ದೀಪಗಳು ಹಾಗೆಯೇ ಮಿಣುಗಿದವು, ನೆಟ್ ಬರಲಿಲ್ಲ. ಆಗ ಮಾತು ಆಪರೇಟರ್ ಹುಡುಗಿಯ ಕಡೆ ತಿರುಗಿತು. ಅವಳೇ ಏನೋ ಕೆಡಿಸಿದ್ದಾಳೆ, ಕೆಲಸ ತಪ್ಪಿಸಲು ಹೀಗೆ ಮಾಡುತ್ತಿದ್ದಾಳೆ ಎಂದು ಸಭೆಯಲ್ಲಿ ಒಬ್ಬರು ಆಡಿಯೂಬಿಟ್ಟರು. ಅವಳನ್ನು ತೆಗೆದು ಬೇರೆಯವರನ್ನು ನೇಮಿಸುವ ವಿಷಯ ಮುಂದಿನ ಸಭೆಗೆ ಬರುವುದಿತ್ತು.

ನಾನು ಹೋದಾಗ ಒಂಬತ್ತು ದಿನ ಕಳೆದಿದ್ದವು. ಸ್ವಿಚ್‌ನ ಎಲ್ಲ ಕೇಬಲ್‌ಗಳನ್ನು ಕಿತ್ತು, ರೌಟರ್‌ನಿಂದ ಬರುವುದನ್ನೂ ಒಂದು ಗಣಕಯಂತ್ರದ್ದನ್ನೂ ಮಾತ್ರ ಚುಚ್ಚಿದೆವು. ನೆಟ್ ಬಂದಿತು. ಎರಡನೆಯದು, ಮೂರನೆಯದು, ಪ್ರಿಂಟರ್: ಎಲ್ಲವೂ ಸರಿ. ಉಳಿದ ಒಂದು ಕೇಬಲಿನ ಒಂದು ತುದಿಯನ್ನು ಚುಚ್ಚಿದಾಗ ಏನೂ ಆಗಲಿಲ್ಲ. ಇನ್ನೊಂದು ತುದಿಯನ್ನು ಚುಚ್ಚುತ್ತಲೇ ಎಲ್ಲವೂ ನಿಂತಿತು. ಅದರ ಎರಡು ತುದಿಗಳೂ ಒಂದೇ ಸ್ವಿಚ್‌ಗೆ ಸೇರಿದ್ದವು. ಬಣ್ಣ ಬಳಿದ ಬಳಿಕ ಯಾರೋ ಜೋತುಬಿದ್ದಿದ್ದ ತುದಿಯನ್ನು ಕಂಡು, ಖಾಲಿ ರಂಧ್ರಕ್ಕೆ ಸೇರಿಸಿಬಿಟ್ಟಿದ್ದರು.

ಇದರಿಂದ ಏಕೆ ಕೆಡುತ್ತದೆ? ಸ್ವಿಚ್ ಕೆಲವು ಸಂದೇಶಗಳನ್ನು ಡಂಗುರ ಸಾರಿದಂತೆ ಎಲ್ಲ ಪೋರ್ಟ್‌ಗಳಿಗೂ ಕಳುಹಿಸುತ್ತದೆ. ಕೇಬಲ್ ಸುತ್ತಿ ಬಂದು ಅದೇ ಸ್ವಿಚ್ ಸೇರಿದರೆ, ಸಾರಿದ ಡಂಗುರ ಹೊಸ ಡಂಗುರವಾಗಿ ಹಿಂದಿರುಗುತ್ತದೆ. ಅದನ್ನು ಮತ್ತೆ ಎಲ್ಲರಿಗೂ ಸಾರುತ್ತದೆ. ಕ್ಷಣಾರ್ಧದಲ್ಲಿ ಸಂತೆಯ ಗದ್ದಲವಾಗಿ ನಿಜವಾದ ಮಾತು ಯಾರಿಗೂ ಕೇಳಿಸದು. ಅಗ್ಗದ ಸಣ್ಣ ಸ್ವಿಚ್‌ಗಳಲ್ಲಿ ಬಹುಪಾಲಿಗೆ ಇದನ್ನು ತಡೆಯುವ ಶಕ್ತಿಯಿಲ್ಲ. ಎಲ್ಲ ದೀಪಗಳೂ ಒಂದೇ ಸಮನೆ, ಬಿಡುವಿಲ್ಲದೆ ಮಿಣುಗುತ್ತಿದ್ದರೆ ಮೊದಲು ಈ ಸುತ್ತನ್ನು ಹುಡುಕಿ.

ಆ ಪಂಚಾಯಿತಿ ಕಳೆದುಕೊಂಡದ್ದು ಸ್ವಿಚ್‌ನ ಬೆಲೆಯನ್ನು ಮಾತ್ರವಲ್ಲ. ಒಂಬತ್ತು ದಿನ ಜನರು ಹಿಂದಿರುಗಿದರು. ತಪ್ಪಿಲ್ಲದ ಹೆಣ್ಣುಮಗಳೊಬ್ಬಳು ಸಭೆಯ ಎದುರು ತಲೆತಗ್ಗಿಸಿ ನಿಂತಿದ್ದಳು. ದೋಷ ತಿಳಿದ ಬಳಿಕ ಆ ಮಾತನಾಡಿದ ಸದಸ್ಯರೇ ಎದ್ದು ನಿಂತು, "ತಪ್ಪಾಯಿತು, ತಂಗಿ" ಎಂದರು. ಅದು ಅವರ ದೊಡ್ಡತನ. ಆದರೆ ಕೇಬಲ್‌ಗಳನ್ನು ಒಂದೊಂದಾಗಿ ಚುಚ್ಚಿ ನೋಡುವ ಅರ್ಧ ಗಂಟೆಯ ಕೆಲಸ ಮೊದಲ ದಿನವೇ ಆಗಿದ್ದರೆ ಆ ಮಾತು ಹುಟ್ಟುತ್ತಲೇ ಇರಲಿಲ್ಲ.

ಸ್ವಿಚ್ ನಿಜವಾಗಿಯೂ ಕೆಡುವುದಿಲ್ಲವೇ? ಕೆಡುತ್ತದೆ. ಧೂಳು ತುಂಬಿ, ಮುಚ್ಚಿದ ಅಲಮಾರಿಯಲ್ಲಿ ಬಿಸಿಯಾಗಿ, ಸಿಡಿಲಿನ ಆಘಾತ ತಗುಲಿ ಒಂದೆರಡು ಪೋರ್ಟ್‌ಗಳು ಸಾಯುತ್ತವೆ. ಒಂದು ಪೋರ್ಟ್‌ನಲ್ಲಿ ದೀಪ ಹತ್ತದ ಕೇಬಲ್ ಇನ್ನೊಂದರಲ್ಲಿ ಹತ್ತಿದರೆ ಆ ಪೋರ್ಟ್ ಸತ್ತಿದೆ. ಅದಕ್ಕೆ ಟೇಪ್ ಹಚ್ಚಿ, ಉಳಿದವನ್ನು ಬಳಸಿ. ಎಂಟರಲ್ಲಿ ಒಂದು ಸತ್ತರೆ ಇಡೀ ಸ್ವಿಚ್ ಎಸೆಯಬೇಕಾಗಿಲ್ಲ.

ಫೈಬರಿನ ದೋಷಗಳು

ಒಎನ್‌ಟಿ ಪೆಟ್ಟಿಗೆಯಲ್ಲಿ 'ಪಾನ್' ಮತ್ತು 'ಎಲ್‌ಒಎಸ್' ಎಂಬ ಎರಡು ದೀಪಗಳನ್ನು ಗಮನಿಸಿ. ಪಾನ್ ದೀಪ ಹಸಿರಾಗಿ ಸ್ಥಿರವಾಗಿದ್ದರೆ ತಾಲೂಕು ಕೇಂದ್ರದ ಉಪಕರಣದೊಂದಿಗೆ ಮಾತುಕತೆ ನಡೆದಿದೆ. ಎಲ್‌ಒಎಸ್ ದೀಪ ಕೆಂಪಾಗಿ ಹತ್ತಿದ್ದರೆ ಅಥವಾ ಮಿಣುಗುತ್ತಿದ್ದರೆ ಬೆಳಕು ಬರುತ್ತಿಲ್ಲ ಅಥವಾ ಸಾಲದಷ್ಟು ಬರುತ್ತಿದೆ. ಆಗ ಕಚೇರಿಯೊಳಗೆ ನೋಡಬೇಕಾದದ್ದು ಎರಡೇ: ಫೈಬರಿನ ತುದಿ ಸರಿಯಾಗಿ ಕೂತಿದೆಯೇ, ಫೈಬರ್ ಎಲ್ಲಿಯಾದರೂ ಮಡಚಿದೆಯೇ. ಬಳೆಗಿಂತ ಸಣ್ಣ ಸುತ್ತಿಗೆ ಅದನ್ನು ಬಗ್ಗಿಸಬಾರದು, ಬೆಳಕು ಸೋರಿಹೋಗುತ್ತದೆ. ತುದಿಯನ್ನು ಬೆರಳಿನಿಂದ ಮುಟ್ಟಬಾರದು, ಕಣ್ಣಿನ ಹತ್ತಿರ ಹಿಡಿದು ನೋಡಬಾರದು. ಅದರಲ್ಲಿರುವ ಬೆಳಕು ಕಣ್ಣಿಗೆ ಕಾಣದ ಬೆಳಕು. ಆದರೆ ಕಣ್ಣಿಗೆ ಅಪಾಯಕಾರಿ.

ಇದಾದ ಬಳಿಕವೂ ಕೆಂಪು ದೀಪ ಆರದಿದ್ದರೆ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಡಿ. ತಂತ್ರಜ್ಞರು ಬಂದು ಮೀಟರ್‌ನಿಂದ ಬೆಳಕಿನ ಬಲ ಅಳೆಯುತ್ತಾರೆ. ಆ ಸಂಖ್ಯೆಯನ್ನು ಕೇಳಿ ಪುಸ್ತಕದಲ್ಲಿ ಬರೆಸಿ. ಸಾಮಾನ್ಯ ಬಳಕೆಯ ಜಿಪಾನ್ ಉಪಕರಣಗಳಲ್ಲಿ ಅದು ಋಣ 8 ಮತ್ತು ಋಣ 27 ಡಿಬಿಎಂಗಳ ನಡುವೆ ಇರಬೇಕು. ಋಣ 27ರ ಹತ್ತಿರ ಬಂದಷ್ಟೂ ಸಂಪರ್ಕ ಅಸ್ಥಿರ. ಕಳೆದ ಸಲ ಋಣ 19 ಇದ್ದದ್ದು ಈ ಸಲ ಋಣ 25 ಆಗಿದ್ದರೆ ದಾರಿಯಲ್ಲಿ ಎಲ್ಲಿಯೋ ಜಾಯಿಂಟ್ ಹಾಳಾಗುತ್ತಿದೆ ಎಂದು ಪೂರ್ತಿ ನಿಲ್ಲುವ ಮುನ್ನವೇ ತಿಳಿಯುತ್ತದೆ.

ಫೈಬರ್ ತುಂಡಾಗುವುದರಲ್ಲಿ ನಮ್ಮ ಪಾಲೂ ಇದೆ. ಕುಡಿಯುವ ನೀರಿನ ಪೈಪು, ಚರಂಡಿ, ರಸ್ತೆ ಕಾಮಗಾರಿಗಳಿಗೆ ಊರಿನಲ್ಲಿ ಅಗೆಯುವವರು ಬಹಳ ಸಲ ನಮ್ಮ ಗುತ್ತಿಗೆದಾರರೇ. ಜೆಸಿಬಿಯ ಒಂದು ಹಲ್ಲು ತಗುಲಿದರೆ ಹಲವು ಪಂಚಾಯಿತಿಗಳು ಕತ್ತಲೆಗೆ ಬೀಳಬಹುದು. ಅಗೆಯುವ ಮುನ್ನ ನೆಲದಡಿಯ ಸೌಲಭ್ಯಗಳ ಒಡೆಯರಿಗೆ ತಿಳಿಸುವುದಕ್ಕಾಗಿ 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಆರಂಭಿಸಿದೆ. ಕಾಮಗಾರಿಯ ಆದೇಶದಲ್ಲಿಯೇ ಈ ಷರತ್ತನ್ನು ಸೇರಿಸುವಂತೆ ತಾವು ಒತ್ತಾಯಿಸಬಹುದು. ಫೈಬರ್ ಹೋಗಿರುವ ದಾರಿಯನ್ನು ಬಲ್ಲ ಊರಿನ ಹಿರಿಯರನ್ನು ಅಗೆತದ ದಿನ ಸ್ಥಳದಲ್ಲಿ ನಿಲ್ಲಿಸಬಹುದು.

ಸದಸ್ಯರ ಹೊಣೆ

ತಾವು ಕ್ರಿಂಪಿಂಗ್ ಮಾಡಬೇಕೆಂದು ನಾನು ಹೇಳುತ್ತಿಲ್ಲ. ತಮ್ಮ ಹೊಣೆ ಕೇಳುವುದು, ಬರೆಸುವುದು ಮತ್ತು ಒದಗಿಸುವುದು.

ದುರಸ್ತಿ ಅಥವಾ ಖರೀದಿಯ ವಿಷಯ ಸಭೆಗೆ ಬಂದಾಗ ಹೀಗೆ ಕೇಳಿ: ಕೆಟ್ಟ ಭಾಗ ಯಾವುದು? ಅದೇ ಕೆಟ್ಟಿದೆಯೆಂದು ಹೇಗೆ ತಿಳಿಯಿತು, ಬದಲಿಸಿ ನೋಡಿದಿರಾ? ವಾರಂಟಿ ಅವಧಿ ಮುಗಿದಿದೆಯೇ? ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಇಲ್ಲದ ದರಪಟ್ಟಿಯನ್ನು ಹಿಂದಿರುಗಿಸಿ. ಇದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಮೇಲಿನ ಅವಿಶ್ವಾಸವಲ್ಲ. ಲೆಕ್ಕ ಪರಿಶೋಧನೆಯಲ್ಲಿ ಅವರನ್ನು ಕಾಯುವ ಆಧಾರ.

ಕಚೇರಿಯಲ್ಲಿ ಒಂದು ದೋಷ ಪುಸ್ತಕ ಇರಲಿ. ದಿನಾಂಕ, ಹೊತ್ತು, ಎಷ್ಟು ಯಂತ್ರ ನಿಂತವು, ಯಾವ ದೀಪ ಹೇಗಿತ್ತು, ಏನನ್ನು ಬದಲಿಸಲಾಯಿತು, ದೂರಿನ ಸಂಖ್ಯೆ, ಮತ್ತೆ ಬಂದ ಹೊತ್ತು. ಆರು ತಿಂಗಳ ಪುಸ್ತಕ ಕೈಯಲ್ಲಿದ್ದರೆ ತಾಲೂಕು ಮಟ್ಟದ ಸಭೆಯಲ್ಲಿ "ನಮ್ಮಲ್ಲಿ ಯಾವಾಗಲೂ ನೆಟ್ ಇರುವುದಿಲ್ಲ" ಎನ್ನುವ ಬದಲು ಇಷ್ಟು ದಿನ, ಇಷ್ಟು ಗಂಟೆ, ಈ ಕಾರಣಕ್ಕೆ ಎಂದು ಹೇಳಬಹುದು. ಅಂಥ ಮಾತನ್ನು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ.

ಒಂದು ಬಿಡಿಭಾಗಗಳ ಪೆಟ್ಟಿಗೆ ಇರಲಿ. ಪರೀಕ್ಷಿಸಿದ ಎರಡು ಕೇಬಲ್, ರೌಟರ್ ಮತ್ತು ಒಎನ್‌ಟಿಗೆ ಹೊಂದುವ ಒಂದೊಂದು ಅಡಾಪ್ಟರ್, ಒಂದು ಸಣ್ಣ ಸ್ವಿಚ್, ಒಂದು ಕೇಬಲ್ ಟೆಸ್ಟರ್, ಒಂದು ಮಲ್ಟಿಮೀಟರ್. ಹತ್ತಿರದ ಮೂರು ನಾಲ್ಕು ಪಂಚಾಯಿತಿಗಳು ಕೂಡಿ ಟೆಸ್ಟರ್ ಮತ್ತು ಮೀಟರ್ ಹಂಚಿಕೊಂಡರೂ ನಡೆದೀತು.

ಹಾಳಾದ ಬ್ಯಾಟರಿ, ಅಡಾಪ್ಟರ್‌ಗಳನ್ನು ಗುಜರಿಗೆ ಹಾಕಬೇಡಿ, ಸುಡಬೇಡಿ. ಇ-ತ್ಯಾಜ್ಯಕ್ಕೂ ಬ್ಯಾಟರಿ ತ್ಯಾಜ್ಯಕ್ಕೂ 2022ರ ನಿಯಮಗಳಿವೆ. ಅವುಗಳಂತೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಿ.

ಕೊನೆಯದಾಗಿ, ನೆಟ್ ಇಲ್ಲದ ದಿನವೂ ಅರ್ಜಿಯನ್ನು ನಿರಾಕರಿಸದಿರಿ. ಕಾಗದದ ಮೇಲೆ ಪಡೆದು, ದಿನಾಂಕ ಹಾಕಿ, ಸಹಿ ಮಾಡಿದ ಸ್ವೀಕೃತಿ ಕೊಡಿಸಿ. ಸಂಪರ್ಕ ಬಂದಾಗ ಬಂದ ಸಾಲಿನಲ್ಲಿಯೇ ದಾಖಲಿಸಲಿ. 2011ರ ಸಕಾಲ ಕಾಯ್ದೆ ಸೇವೆಗೆ ಕಾಲಮಿತಿಯನ್ನು ಗೊತ್ತುಪಡಿಸಿದೆ. ನಮ್ಮ ಕೇಬಲ್ ತುಂಡಾದದ್ದರ ಭಾರ ಅರ್ಜಿದಾರರ ಹೆಗಲ ಮೇಲೆ ಬೀಳಬಾರದು.

ಕಚೇರಿಯ ಗೋಡೆಗೆ ಅಂಟಿಸಬೇಕಾದ ಕ್ರಮ

1. ಒಂದೇ ಯಂತ್ರವೋ, ಎಲ್ಲವೋ, ನೆರೆಯ ಪಂಚಾಯಿತಿಯೂ ಸೇರಿಯೋ ನೋಡಿ.
2. ಕೆಡುವ ಮುನ್ನ ಏನು ಬದಲಾಯಿತೆಂದು ಕೇಳಿ.
3. ಸಾಕೆಟ್, ಯುಪಿಎಸ್, ಅಡಾಪ್ಟರ್ ಪರೀಕ್ಷಿಸಿ.
4. ಒಎನ್‌ಟಿಯ ದೀಪಗಳ ಬಣ್ಣ ಬರೆದುಕೊಳ್ಳಿ.
5. ರೌಟರ್‌ಗೂ ಬಳಿಕ ಹೊರಗಿನ ವಿಳಾಸಕ್ಕೂ ಪಿಂಗ್ ಮಾಡಿ.
6. ರೌಟರ್ ಓಗೊಡದಿದ್ದರೆ ಸ್ವಿಚ್‌ನ ಕೇಬಲ್‌ಗಳನ್ನು ಕಿತ್ತು ಒಂದೊಂದಾಗಿ ಚುಚ್ಚಿ.
7. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೆಟ್ಟದ್ದರ ಮೇಲೆ ಗುರುತು ಹಾಕಿ.
8. ದೋಷ ಪುಸ್ತಕದಲ್ಲಿ ಬರೆಯಿರಿ. ದೂರಿನ ಸಂಖ್ಯೆ ಪಡೆಯಿರಿ.

ಮಾನ್ಯರೇ, ಕಾಯಕಕ್ಕೆ ಮೇಲು ಕೀಳೆಂಬ ಭೇದವಿಲ್ಲವೆಂದು ಶರಣರು ಸಾರಿದ ಕಲ್ಯಾಣದ ನೆಲದವರು ನಾವು. ಮೇಜಿನ ಕೆಳಗೆ ಬಗ್ಗಿ ಒಂದು ಕೇಬಲನ್ನು ಹುಡುಕುವುದೂ ಕಾಯಕವೇ. ಮುಂದಿನ ಸಾಮಾನ್ಯ ಸಭೆಗೆ ಅರ್ಧ ಗಂಟೆ ಮುಂಚೆ ಬಂದು, ಆಪರೇಟರ್ ಜೊತೆ ನಿಂತು, ಗೋಡೆಯಿಂದ ಗಣಕಯಂತ್ರದವರೆಗಿನ ದಾರಿಯನ್ನು ಒಮ್ಮೆ ಕಣ್ಣಾರೆ ನೋಡಿ. ಅಷ್ಟನ್ನು ಮಾಡಿದರೆ ಈ ಉಪನ್ಯಾಸದ ಉದ್ದೇಶ ಈಡೇರಿದಂತೆ.